ನೋಡೋಣ ಎಂಬ ಮೂರನೆಯ ರಾಶಿ

ಹೋದ ತಿಂಗಳು ಹದಿನಾಲ್ಕರಂದು ಪತ್ರಿಕೆಯ ಒಳಪುಟದಲ್ಲಿ ಅವರ ಫೋಟೊ ಬಂದಿತ್ತು. ಅಂಗೈಯಗಲವೂ ಇಲ್ಲದ ಶ್ರದ್ಧಾಂಜಲಿ. ಹೆಸರಿನ ಕೆಳಗೆ ‘ಜನನ: 1-6-1949’ ಎಂದಿತ್ತು. ಅದನ್ನು ಓದಿ ನನಗೆ ಮೊದಲು ನಗು ಬಂತು. ಅಳು ಬಂದದ್ದು ಆಮೇಲೆ, ಬಸ್ಸಿನಲ್ಲಿ. ಫೋಟೊದಲ್ಲಿ ಅವರು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದರು. ಅದೊಂದು ನನಗೆ ಸರಿ ಕಾಣಲಿಲ್ಲ.

ಏಕೆಂದರೆ ಅವರು ಕೂರುತ್ತಿರಲಿಲ್ಲ. ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿದ್ದ ನಮ್ಮ ಆಫೀಸಿಗೆ ನಾನು ಸೇರಿದ್ದು 1997ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೆ. ಬೇರೆ ಬೇರೆ ಕಚೇರಿಗಳ ಹೆಸರಿನ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಿ, ಸೋಸಿ, ಅಚ್ಚು ಹಾಕಿ ಕೊಡುವುದು ನಮ್ಮ ಕೆಲಸ. ಒಟ್ಟು ಏಳು ಜನ. ಅವರು ನನ್ನ ಪಕ್ಕದ ಮೇಜು. ಎರಡು ಸಾಲು ಟೈಪ್ ಮಾಡಿದರೆ ಎದ್ದು ಕಿಟಕಿಗೆ ಹೋಗುವರು. ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಮತ್ತೆ ಮೇಜಿಗೆ. ಸೇರಿದ ಎರಡನೆಯ ವಾರ ನಾನು ಒಂದು ದಿನ ಎಣಿಸಿದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ನಲವತ್ತೊಂದು ಸಲ ಎದ್ದಿದ್ದರು. ಆ ಲೆಕ್ಕವನ್ನು ಅವರಿಗೇ ತೋರಿಸಿದೆ.

‘ಊಟಕ್ಕೆ ಎದ್ದಿದ್ದೂ ಸೇರಿಸ್ಕೊಂಡಿದೀಯಾ?’ ಎಂದರು.

‘ಹೂಂ ಸಾರ್.’

‘ಅದನ್ನ ಬೇರೆ ಬರಿಯಮ್ಮ. ಅದು ಹೊಟ್ಟೆಗೆ ಎದ್ದಿದ್ದು. ಮಿಕ್ಕಿದ್ದೆಲ್ಲ ತಲೆಗೆ.’

ಮಾರನೆಯ ದಿನದಿಂದ ನಾನು ಎರಡು ಲೆಕ್ಕ ಇಟ್ಟೆ. ನಾವಿಬ್ಬರೂ ಹೊಂದಿಕೊಂಡದ್ದು ಹೀಗೆ.

ಆಫೀಸಿನಲ್ಲಿ ಅವರ ಹಿಂದಿನಿಂದ ಎಲ್ಲರೂ ಅವರನ್ನು ಜರಡಿ ಸಾರ್ ಎನ್ನುತ್ತಿದ್ದರು. ಜರಡಿ ಅವರು ಬರೆದ ಒಂದು ಸಣ್ಣ ಲೈಬ್ರರಿ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ. ಬೇರೆ ಪ್ರೋಗ್ರಾಮುಗಳು ಬೇಕೆಂದಾಗ ಕರೆದು ಕೆಲಸ ಮಾಡಿಸಿಕೊಳ್ಳುವ ಒಂದು ಪುಟ್ಟ ಪ್ರೋಗ್ರಾಮು. ಮುನ್ನೂರ ಹನ್ನೆರಡು ಸಾಲು. ಸಾವಿರಾರು ಹೆಸರಿರುವ ಪಟ್ಟಿಯನ್ನೂ ಒಂದು ಪ್ರಶ್ನೆಯನ್ನೂ ಅದಕ್ಕೆ ಕೊಟ್ಟರೆ ಸೋಸಿ ಕೊಡುತ್ತಿತ್ತು. ಇಂಥ ಸೋಸುವ ಪ್ರೋಗ್ರಾಮುಗಳು ಆಗಲೂ ಬೇಕಾದಷ್ಟಿದ್ದವು, ಈಗಂತೂ ಲೆಕ್ಕವಿಲ್ಲ. ಅವೆಲ್ಲ ಪ್ರಶ್ನೆಗೆ ಹೌದು ಎಂದವರನ್ನು ಕೊಟ್ಟು ಸುಮ್ಮನಾಗುತ್ತವೆ. ಜರಡಿ ಮಾತ್ರ ಮೂರು ಪಟ್ಟಿ ಕೊಡುತ್ತಿತ್ತು. ಒಂದರ ಹೆಸರು ಹೌದು. ಇನ್ನೊಂದು ಅಲ್ಲ. ಮೂರನೆಯದು ನೋಡೋಣ.

ಯಾವುದೋ ಕಾಲಂ ಖಾಲಿ ಇದ್ದರೆ, ಉತ್ತರ ಹೇಳಲು ಆಧಾರ ಸಾಲದಿದ್ದರೆ, ಆ ಹೆಸರು ನೋಡೋಣ ಎಂಬ ಪಟ್ಟಿಗೆ ಬೀಳುತ್ತಿತ್ತು. ಕೊನೆಗೆ ಜರಡಿ ಮೂರನ್ನೂ ಕೂಡಿ, ಒಳಗೆ ಬಂದಷ್ಟೇ ಹೊರಗೆ ಹೋದವೇ ಎಂದು ತಾಳೆ ನೋಡುತ್ತಿತ್ತು. ಒಂದು ಹೆಸರು ಹೆಚ್ಚುಕಡಿಮೆಯಾದರೂ ಕೆಲಸ ನಿಲ್ಲಿಸಿಬಿಡುತ್ತಿತ್ತು.

‘ಸಾರ್, ನಮ್ಮ ಕಡೆ ನೋಡೋಣ ಅಂದ್ರೆ ಇಲ್ಲ ಅಂತ ಅಲ್ವಾ?’ ಎಂದು ಒಮ್ಮೆ ಕೇಳಿದೆ. ನಾನು ಆ ಮಾತನ್ನು ಕೇಳುತ್ತಲೇ ಬೆಳೆದವಳು. ನನ್ನ ಅಕ್ಕನನ್ನು ನೋಡಲು ಮಲ್ಲೇಶ್ವರದ ನಮ್ಮ ಮನೆಗೆ ಬಂದವರೆಲ್ಲ ಉಪ್ಪಿಟ್ಟು ತಿಂದು ಎದ್ದು ಹೋಗುವಾಗ ಬಾಗಿಲಲ್ಲಿ ಹೇಳುತ್ತಿದ್ದದ್ದು ಅದನ್ನೇ.

ಅವರು ಕಿಟಕಿಗೆ ಹೋಗಿ ಬಂದರು. ‘ನಮ್ಮಮ್ಮ ನೋಡೋಣ ಅಂದ್ರೆ ನೋಡೋರು ಕಣಮ್ಮ’ ಎಂದರು.

ಅವರ ತಾಯಿ ಕೃಷ್ಣರಾಜ ಮಾರುಕಟ್ಟೆಯ ಹಿಂದಿನ ಒಂದು ಮಂಡಿಯಲ್ಲಿ ಅಕ್ಕಿ, ಬೇಳೆ ಆರಿಸುವ ಕೆಲಸಕ್ಕಿದ್ದರಂತೆ. ಜರಡಿ ಹಿಡಿದಾದ ಮೇಲೂ ಕಾಳಿನಷ್ಟೇ ಗಾತ್ರದ ಕಲ್ಲು ಉಳಿಯುತ್ತದೆ. ಅದಕ್ಕೆ ಕೈಯೇ ಬೇಕು. ಒಳ್ಳೆಯ ಕಾಳು ಬಲಕ್ಕೆ, ಕಲ್ಲು ಎಡಕ್ಕೆ. ಕಾಳೋ ಕಲ್ಲೋ ತಿಳಿಯದ್ದನ್ನು ತಾಯಿ ಮೊರದ ಅಂಚಿಗೆ ತಳ್ಳಿ ‘ನೋಡಾಣ’ ಎನ್ನುತ್ತಿದ್ದರು. ಮಧ್ಯಾಹ್ನ ಬಿಸಿಲು ಬಾಗಿಲಿಗೆ ಬಂದಾಗ ಆ ಪುಟ್ಟ ರಾಶಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ನೋಡುವರು. ಬೇರೆ ಹೆಂಗಸರು ಅಂಥದ್ದನ್ನೆಲ್ಲ ಕಲ್ಲಿನ ಜೊತೆಗೇ ಎಸೆದು ಬೇಗ ಮುಗಿಸುತ್ತಿದ್ದರು. ತಾಯಿ ಯಾವಾಗಲೂ ಕೊನೆ. ಇವರಿಗೆ ಬಾಲ್ಯದಲ್ಲಿ ಅದರ ಮೇಲೆ ಬಹಳ ಸಿಟ್ಟಿತ್ತು. ‘ಹಸಿವು ಆಗೋದು ನಂಗೆ, ಬೆಳಕಿಗೆ ಹಿಡಿಯೋದು ಬೇಳೇನಾ!’ ಎಂದು ಹೇಳಿ ನಗುತ್ತಿದ್ದರು.

ಅವರ ಜೊತೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಮುಂಗೋಪಿ. ಯಾರಾದರೂ ‘ಎಲ್ಲಾ ಮುಗೀತು’ ಎಂದರೆ, ‘ಎಲ್ಲಾ ಅಂದ್ರೆ ಎಷ್ಟು?’ ಎಂದು ಹಿಂದೆ ಬೀಳುವರು. ಟೈಪಿಂಗ್ ಮಾಡುತ್ತಿದ್ದ ಹುಡುಗಿಯ ಮದುವೆಗೆ ಆಫೀಸಿನವರೆಲ್ಲ ಹೋಗಿದ್ದೆವು. ಛತ್ರದ ಬಾಗಿಲಲ್ಲಿ ಅವಳ ಅಪ್ಪ ಕೈಮುಗಿದು ‘ಎಲ್ಲಾರೂ ಬಂದ್ರಲ್ಲ, ಸಂತೋಷ’ ಎಂದರು. ಇವರು ನಿಂತಲ್ಲೇ ತಲೆ ಎಣಿಸಿ ‘ಒಬ್ರು ಬಂದಿಲ್ಲ, ಯಾಕೆ ಅಂತ ಗೊತ್ತಿಲ್ಲ’ ಎಂದುಬಿಟ್ಟರು. ಮದುವೆ ಮನೆಯ ಆ ಮನುಷ್ಯ ಬಹಳ ಹೊತ್ತು ಗಾಬರಿಯಲ್ಲೇ ಓಡಾಡಿದರು. ಬಾರದಿದ್ದದ್ದು ನಮ್ಮ ಮಾಲೀಕರು. ಅವರು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತಿದ್ದರು.

ಮಾಲೀಕರಿಗೂ ಇವರಿಗೂ ತಿಂಗಳಿಗೆ ಸರಾಸರಿ ಮೂರು ಜಗಳ. ವಿಷಯ ಒಂದೇ.

‘ಏನ್ರೀ ಇದು ಮೂರ್ನೇ ಲಿಸ್ಟು? ಅವರು ಕೇಳಿದ್ದು ಹೌದಾ ಅಲ್ವಾ ಅಂತ.’

‘ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳ್ಬೇಕಲ್ಲ ಸಾರ್.’

‘ಗೊತ್ತಿಲ್ಲ ಅನ್ನಕ್ಕೆ ಕಂಪ್ಯೂಟರ್ ಯಾಕ್ರೀ ಬೇಕು? ನಾನೇ ಹೇಳ್ತೀನಿ!’

ನಾನು ಹೊರಗೆ ಹೇಳದಿದ್ದರೂ ಮನಸ್ಸಿನಲ್ಲಿ ಮಾಲೀಕರ ಕಡೆಗಿದ್ದೆ. ನೋಡೋಣ ಪಟ್ಟಿಯನ್ನು ಅಚ್ಚು ಹಾಕಿ ಕಳಿಸಿದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ಹಾಗೇ ವಾಪಸು ಬಂದು ನಮ್ಮ ಕಪಾಟಿನ ಮೇಲೆ ಬಿದ್ದಿರುತ್ತಿತ್ತು. ನನ್ನ ಎಣಿಕೆಯಲ್ಲಿ ಹತ್ತೊಂಬತ್ತು ಕಟ್ಟು. ಆಮೇಲೆ ಇವರೇ ಕೂತು, ಅಲ್ಲ, ನಿಂತು, ಒಂದೊಂದಕ್ಕೂ ಪತ್ರ ಬರೆದು ವಿಚಾರಿಸುತ್ತಿದ್ದರು.

1998ರ ಜುಲೈಯಲ್ಲಿ ಅವರು ಕಾಮಾಲೆಯಾಗಿ ಮೂರು ವಾರ ರಜೆ ಹಾಕಿದರು. ಆಗ ನಮ್ಮಲ್ಲಿ ಒಂದು ದೊಡ್ಡ ಕೆಲಸ ನಡೆದಿತ್ತು. ನಗರದ ಬೀದಿ ಗುಡಿಸುವವರಲ್ಲಿ ಬಹಳ ವರ್ಷ ಗುತ್ತಿಗೆಯಲ್ಲಿದ್ದವರನ್ನು ಖಾಯಂ ಮಾಡಲು ಒಂದು ಕಚೇರಿಯವರು ಪಟ್ಟಿ ತಯಾರಿಸುತ್ತಿದ್ದರು. ಹೆಚ್ಚಿನವರು ಹೆಂಗಸರು. ಒಬ್ಬರದೇ ಹೆಸರು ಎರಡು ಕಡೆ ಬಂದಿದ್ದರೆ ಒಂದನ್ನು ತೆಗೆಯುವುದು ನಮ್ಮ ಪಾಲಿನ ಕೆಲಸ. ‘ಇವರು ಬೇರೆಯವರೇ?’ ಎಂಬುದು ಜರಡಿಗೆ ಕೊಟ್ಟ ಪ್ರಶ್ನೆ; ಅಲ್ಲ ಎಂದು ಬಂದ ಹೆಸರು ಪಟ್ಟಿಯಿಂದ ಹೊರಗೆ. ಪಟ್ಟಿಯಲ್ಲಿ ಉಳಿದವರಿಗೆ ಖಾಯಂ ನೌಕರಿ. ಬಿಟ್ಟುಹೋದವರು ಅದೇ ಪೊರಕೆ ಹಿಡಿದು ಗುತ್ತಿಗೆದಾರನ ಮುಂದೆ ನಿಲ್ಲಬೇಕು.

ಹೆಸರು ಒಂದೇ, ಗಂಡನ ಹೆಸರು ಒಂದೇ, ಹುಟ್ಟಿದ ತಾರೀಖೂ ಒಂದೇ, ವಿಳಾಸ ಮಾತ್ರ ಖಾಲಿ. ಇಂಥವರನ್ನು ಜರಡಿ ನೋಡೋಣ ಎಂದು ಪಕ್ಕಕ್ಕಿಡುತ್ತಿತ್ತು. ನನಗೆ ಇದು ಅತಿ ಎನಿಸಿತು. ಹೆಸರು ಒಂದೇ ಇರಬಹುದು, ಹುಟ್ಟಿದ ದಿನವೂ ಒಂದೇ ಇರುತ್ತದೆಯೇ? ನನ್ನ ಜಾತಕದಲ್ಲಿ ಗಂಟೆ ನಿಮಿಷಗಳವರೆಗೆ ಬರೆದಿದೆ. ಯಾವ ಕಾಲಂ ತಪ್ಪಾದರೂ ಹುಟ್ಟಿದ ತಾರೀಖು ತಪ್ಪಲಾರದು ಎಂದು ನಾನು ತಿಳಿದಿದ್ದೆ. ಜುಲೈ 21, ಮಂಗಳವಾರದ ನನ್ನ ಡೈರಿ ಹೀಗಿದೆ: ‘ಜರಡಿಯಲ್ಲಿ ಒಂದು ಸಾಲು ಬದಲಾಯಿಸಿದೆ. ನೋಡೋಣ ಎಂಬುದು ಇನ್ನು ಅಲ್ಲ ಎಂಬುದರೊಳಗೇ ಹೋಗುತ್ತದೆ. ದಿನಕ್ಕೆ ಐವತ್ತು ನಿಮಿಷ ಉಳಿತಾಯ.’ ಆ ಸಾಲಿನ ಮೇಲೆಯೇ ಅವರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಟಿಪ್ಪಣಿ ಬರೆದಿಟ್ಟಿದ್ದರು: ‘ಇಲ್ಲಿ ಆತುರ ಪಡಬೇಡ.’ ಅದನ್ನು ಓದಿಯೇ ಬದಲಾಯಿಸಿದೆ. ಅವರು ರಜೆ ಮುಗಿಸಿ ಬಂದಾಗ ಪಟ್ಟಿ ಹೋಗಿಯಾಗಿತ್ತು. ನಾನು ಏನೂ ಹೇಳಲಿಲ್ಲ.

ಸೆಪ್ಟೆಂಬರ್ 3, ಗುರುವಾರ ಹನ್ನೊಂದು ಗಂಟೆಗೆ ಇಬ್ಬರು ಹೆಂಗಸರು ನಮ್ಮ ಮೆಟ್ಟಿಲು ಹತ್ತಿ ಬಂದರು. ಒಬ್ಬರು ದಪ್ಪ, ಒಬ್ಬರು ಸಣಕಲು. ಕಚೇರಿಯಲ್ಲಿ ‘ಕಂಪ್ಯೂಟರಿನವರನ್ನೇ ಕೇಳಿ’ ಎಂದು ವಿಳಾಸ ಕೊಟ್ಟು ಕಳಿಸಿದ್ದರು.

‘ಇವಳೂ ಮುನಿಯಮ್ಮ, ನಾನೂ ಮುನಿಯಮ್ಮ’ ಎಂದರು ಸಣಕಲು ಹೆಂಗಸು. ‘ಇವಳ ಗಂಡನೂ ಮುನಿಯಪ್ಪ, ನನ್ನ ಗಂಡನೂ ಮುನಿಯಪ್ಪ. ಇವಳ ಹೆಸರು ಐತೆ, ನನ್ನದಿಲ್ಲ. ಯಾಕವ್ವ, ನಿಮ್ಮ ಮಿಷನ್‌ಗೆ ಒಬ್ಬಳೇ ಮುನಿಯಮ್ಮ ಸಾಕಾಯ್ತಾ?’

‘ಸಾಕಾಗಕಿಲ್ಲ’ ಎಂದರು ದಪ್ಪನೆಯವರು. ‘ನನ್ನ ಬೀದಿ ನಾನೇ ಗುಡಿಸಬೇಕು, ಇವಳ ಬೀದಿ ಇವಳೇ. ಇಬ್ಬರ ಬೀದಿ ಒಬ್ಬಳ ಕೈಲಿ ಆದಾತಾ?’

ನಾನು ಪಟ್ಟಿ ತೆಗೆದೆ. ‘ಇಬ್ಬರದೂ ಹುಟ್ಟಿದ ತಾರೀಖು ಜೂನ್ ಒಂದು ಅಂತಿದೆಯಲ್ಲಾ...’

‘ಅದು ನಾವು ಹುಟ್ಟಿದ್ದಲ್ಲವ್ವ, ಮೇಸ್ತ್ರಿ ಬರಕೊಂಡಿದ್ದು!’

ಅವರು ಪಕ್ಕದ ಮೇಜಿನಿಂದ ಎದ್ದು ಬಂದು ನನ್ನ ಹಿಂದೆ ನಿಂತರು. ‘ಜೂನ್ ಒಂದನೇ ತಾರೀಖು ಯಾರೂ ಹುಟ್ಟಲ್ಲ ಕಣಮ್ಮ’ ಎಂದರು ಮೆಲ್ಲಗೆ. ‘ಸ್ಕೂಲು ಶುರುವಾಗೋ ದಿನ ಅದು. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಅದನ್ನೇ ಬರೀತಾರೆ. ಸ್ಕೂಲಿಗೆ ಹೋಗದೇ ಇದ್ದೋರಿಗೆ ಮೇಸ್ತ್ರಿ ಬರೀತಾನೆ. ನಂದೂ ಅದೇ. ನಮ್ಮ ಬೀದಿಲಿ ಸರ್ಕಾರಿ ಕೆಲಸದಲ್ಲಿ ಇರೋರೆಲ್ಲ ಒಂದೇ ದಿನ ರಿಟೈರ್ ಆಗ್ತಾರೆ, ಹಾರ ಸಿಗಲ್ಲ ಮಾರ್ಕೆಟ್ಟಲ್ಲಿ.’ ಆಮೇಲೆ ಕೇಳಿದರು, ‘ಇವರು ನೋಡೋಣದಲ್ಲಿ ಬರ್ಬೇಕಿತ್ತಲ್ಲ?’

ನಾನು ಬದಲಾಯಿಸಿದ ಸಾಲನ್ನು ತೋರಿಸಿದೆ. ಬೈಯುತ್ತಾರೆ ಎಂದು ಕಾದೆ. ಅವರು ನನ್ನ ಪಕ್ಕದ ಕುರ್ಚಿ ಎಳೆದು ಕೂತರು. ಇಪ್ಪತ್ತು ನಿಮಿಷ ಏಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಳೆಯ ಸಾಲು ಹಾಕಿ ಜರಡಿಯನ್ನು ಮತ್ತೆ ಓಡಿಸಿದೆವು. ನೋಡೋಣ ಪಟ್ಟಿಗೆ ಅರವತ್ತಮೂರು ಹೆಸರು ಬಂತು. ಇವರಲ್ಲಿ ನಿಜವಾಗಿ ಬೇರೆ ಬೇರೆಯವರು ಎಷ್ಟು, ಎರಡು ಸಲ ಬರೆಸಿಕೊಂಡವರು ಎಷ್ಟು, ಕಂಪ್ಯೂಟರಿಗೆ ತಿಳಿಯುವುದಿಲ್ಲ. ಸೋಮವಾರ ಸಂಜೆ ಐದಕ್ಕೆ ಪಟ್ಟಿಗೆ ಮೊಹರು ಬೀಳುತ್ತದೆ, ಅಷ್ಟರೊಳಗೆ ಹೌದೋ ಅಲ್ಲವೋ ಹೇಳಿದರೆ ಸೇರಿಸುತ್ತೇವೆ ಎಂದು ಕಚೇರಿಯವರು ಫೋನಿನಲ್ಲಿ ಹೇಳಿದರು.

‘ಕೈಲೇ ಆರಿಸ್ಬೇಕು’ ಎಂದರು ಅವರು. ‘ಬೆಳಿಗ್ಗೆ ಆರಕ್ಕೆ ಹಾಜರಿ ಹಾಕ್ತಾರೆ. ಐದೂವರೆಗೆ ಬಾ.’

ಶುಕ್ರವಾರ, ಶನಿವಾರ, ಭಾನುವಾರ, ಮೂರು ಬೆಳಗು ನಾವು ಹಾಜರಿ ಹಾಕುವ ಜಾಗದಿಂದ ಜಾಗಕ್ಕೆ ನಡೆದೆವು. ಚಾಮರಾಜಪೇಟೆ, ಬಸವನಗುಡಿ, ಕುಮಾರ ಪಾರ್ಕಿನವರೆಗೆ. ಅವರ ನಡಿಗೆಗೆ ನಾನು ಓಡಬೇಕಿತ್ತು. ಒಂದೇ ಹೆಸರಿನ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಗುರುತು ಬರೆದುಕೊಳ್ಳುವುದು. ಮುಂಗೈ ಮೇಲೆ ಹಚ್ಚೆ. ಎಡಗಣ್ಣಿನ ಹುಬ್ಬಿನಲ್ಲಿ ಗಾಯ.

‘ಏನ್ ಸಾಮಿ, ಹುಟ್ಟಿದ್ ದಿನ ಕೇಳ್ಕಂಡ್ ಬಂದಿದೀಯ, ಕೇಕು ತಂದಿದೀಯಾ?’ ಎಂದು ಒಬ್ಬಾಕೆ ಕೇಳಿದರು. ಸಾಲಿನಲ್ಲಿದ್ದವರೆಲ್ಲ ಪೊರಕೆ ಹಿಡಿದೇ ನಕ್ಕರು.

‘ನಂದೂ ಅವತ್ತೇ ಕಣಕ್ಕ, ನೀನೇ ತರ್ಸು’ ಎಂದರು ಇವರು.

ಶುಕ್ರವಾರ ಮೂವತ್ತೊಂದು, ಶನಿವಾರ ಹತ್ತೊಂಬತ್ತು, ಭಾನುವಾರ ಹನ್ನೆರಡು. ಒಟ್ಟು ಅರವತ್ತೆರಡು ಹೆಸರು ಇತ್ಯರ್ಥವಾದವು. ಐವತ್ತೊಂಬತ್ತು ಜನ ನಿಜವಾಗಿ ಬೇರೆಯವರೇ. ಮೂರು ಮಾತ್ರ ಎರಡೆರಡು ಸಲ ಬರೆದ ಹೆಸರು. ಐವತ್ತು ನಿಮಿಷ ಉಳಿಸಲು ನಾನು ಐವತ್ತೊಂಬತ್ತು ಜನರನ್ನು ಅಳಿಸಿದ್ದೆ. ಭಾನುವಾರ ಮನೆಗೆ ಬಂದು ಅನ್ನ ತಿನ್ನಲಾಗಲಿಲ್ಲ. ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ತಿರುಗಿದೆ. ಕೂರಲಾಗದ ಚಾಳಿ ನನಗೆ ಅಂಟಿದ್ದು ಅಂದಿನಿಂದ.

ಉಳಿದದ್ದು ಒಂದು ಹೆಸರು: ಲಕ್ಷ್ಮಮ್ಮ, ಗಂಡ ನಂಜಪ್ಪ. ಆ ಹೆಸರಿನ ಒಬ್ಬರು ಬಸವನಗುಡಿಯಲ್ಲಿ ಸಿಕ್ಕಿದ್ದರು. ‘ಇನ್ನೊಬ್ಬಳಾ? ಮಾರ್ಕೆಟ್ ಕಡೆ ಒಬ್ಬಳು ಇದ್ಲು. ಈಚೆಗೆ ಕಂಡಿಲ್ಲ’ ಎಂದಿದ್ದರು. ಮಾರುಕಟ್ಟೆಯ ಹಾಜರಿಯಲ್ಲಿ ಆಕೆ ಇರಲಿಲ್ಲ.

ಸೋಮವಾರ ಮೂರು ಗಂಟೆಗೆ ನಾವಿಬ್ಬರೂ ಪಟ್ಟಿ ಹಿಡಿದು ಆ ಕಚೇರಿಗೆ ಹೋದೆವು. ಸೂಪರಿಂಟೆಂಡೆಂಟರು ಐವತ್ತೊಂಬತ್ತನ್ನೂ ಒಪ್ಪಿದರು. ಒಳ್ಳೆಯ ಮನುಷ್ಯ. ಕೊನೆಯ ಹೆಸರಿನ ಮೇಲೆ ಬೆರಳಿಟ್ಟು, ‘ಇದು? ಹೌದಾ ಅಲ್ವಾ?’ ಎಂದರು.

‘ನೋಡೋಣ’ ಎಂದರು ಇವರು.

‘ಅಯ್ಯೋ, ನೋಡೋಣ ಅನ್ನೋದು ನಮ್ಮ ಮಾತು ಕಣ್ರೀ! ಅದನ್ನೂ ಕಿತ್ಕೊಂಡ್ರೆ ನಾವೇನ್ ಹೇಳೋಣ?’ ಅವರು ನಕ್ಕರು. ‘ಒಂದೇ ಹೆಸರಲ್ವಾ, ಅಲ್ಲ ಅಂತ ಹಾಕ್ಬಿಡಿ.’

‘ಗೊತ್ತಿಲ್ಲ ಅಂದ್ರೆ ನನಗೆ ಗೊತ್ತಿಲ್ಲ ಅಂತ ಸಾರ್. ಆಯಮ್ಮ ಇಲ್ಲ ಅಂತ ಅಲ್ಲ. ಐದು ಗಂಟೆವರೆಗೆ ಟೈಮಿದೆ.’

ನನ್ನನ್ನು ಅಲ್ಲೇ ಬಿಟ್ಟು ಹೊರಟರು. ಆ ದಿನದ ಡೈರಿಯ ಪುಟದಲ್ಲಿ ಸಮಯಗಳೇ ಇವೆ: 3.40, 3.55, 4.10, 4.20, 4.30, 4.35. ಒಂದೊಂದು ಸಲವೂ ನಾನು ಕಾರಿಡಾರಿನ ಕೊನೆಯವರೆಗೆ ಹೋಗಿ ಮೆಟ್ಟಿಲು ನೋಡಿ ಬಂದದ್ದು. 4.47ಕ್ಕೆ ಅವರು ಬಂದರು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಜೊತೆಯಲ್ಲಿ ನನ್ನ ವಯಸ್ಸಿನ ಒಬ್ಬಳು. ಅರ್ಧ ಕಟ್ಟಿದ ಮಲ್ಲಿಗೆ ದಂಡೆ ಅವಳ ಕೈಯಲ್ಲೇ ಇತ್ತು.

‘ಇವಳು ಲಕ್ಷ್ಮಮ್ಮನ ಮಗಳು’ ಎಂದರು. ‘ಮಾರ್ಕೆಟ್ಟಲ್ಲಿ ಹೂ ಕಟ್ತಾಳೆ. ಆಯಮ್ಮ ಇದ್ದದ್ದು ನಿಜ. ಹದಿನಾಲ್ಕು ವರ್ಷ ಗುಡಿಸಿದಾರೆ. ಈಗ ಇಲ್ಲ.’

‘ಗೌರಿ ಹಬ್ಬಕ್ಕೆ ಇನ್ನೂ ಒಂದ್ ವಾರ ಇತ್ತು’ ಎಂದಳು ಹುಡುಗಿ. ‘ಬೆಳಗ್ಗೆ ಕೆಲಸಕ್ಕೆ ಹೋದ್ಲು, ಅಲ್ಲೇ ಬಿದ್ಲು.’

ನಾನು ಮನಸ್ಸಿನಲ್ಲೇ ಎಣಿಸಿದೆ. ಬೇಡವೆಂದರೂ ಎಣಿಕೆ ನಿಲ್ಲಲಿಲ್ಲ. ನಾನು ಸಾಲು ಬದಲಾಯಿಸಿದ ದಿನ ಆಕೆ ಬದುಕಿದ್ದರು. ಆಮೇಲೆ ಇಪ್ಪತ್ತೇಳು ದಿನ ಬದುಕಿದ್ದರು. ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ ಎಂದು ಆಕೆಗೆ ಯಾರಾದರೂ ಹೇಳಿದ್ದರೇ ಎಂಬುದನ್ನು ಆ ಹುಡುಗಿಯನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ. ಇಂದಿಗೂ ಅದು ತಿಳಿಯದು.

ಸೂಪರಿಂಟೆಂಡೆಂಟರು ಪಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ‘ಹಾಗಾದ್ರೆ ಅಲ್ಲ ಅಂತ ಆಯ್ತು.’

‘ಅಲ್ಲ ಅಂದ್ರೆ ಏನ್ ಸಾರ್?’ ಹುಡುಗಿಯ ದನಿ ಏರಿತು. ‘ನಮ್ಮವ್ವ ಇರ್ಲೇ ಇಲ್ಲ ಅಂತಾನಾ?’

‘ಹಂಗಲ್ಲಮ್ಮ... ಕೆಲಸ ಕೊಡಕ್ಕಾಗಲ್ಲ ಅಂತ ಅಷ್ಟೇ.’

‘ಕೆಲಸ ಯಾರ್ ಕೇಳಿದ್ರು? ಈ ಸಾರು ಬಂದು, ನಿಮ್ಮವ್ವನ್ ಹೆಸರು ಕೇಳ್ತಾವ್ರೆ ಬಾ ಅಂದ್ರು, ಬಂದೆ.’

ಮೊಹರಿನ ಅರಗು ಕಾಯಿಸುತ್ತಿದ್ದ ಜವಾನರು ಮೇಣದ ಬತ್ತಿ ಹಿಡಿದು ನಮ್ಮನ್ನೇ ನೋಡುತ್ತಿದ್ದರು. ಇವರು ಮೇಜಿನ ಹತ್ತಿರ ಹೋಗಿ ಪಟ್ಟಿಯ ಬಲತುದಿಯನ್ನು ತೋರಿಸಿದರು. ‘ಸಾರ್, ಇಲ್ಲಿ ಷರಾ ಅಂತ ಒಂದು ಕಾಲಂ ಇದೆ. ಹೆಸರು ಇರ್ಲಿ. ಷರಾದಲ್ಲಿ ಏನಾಯ್ತು ಅಂತ ಬರೆಯೋಣ.’

ಸೂಪರಿಂಟೆಂಡೆಂಟರು ಗಡಿಯಾರ ನೋಡಿದರು. ಆಮೇಲೆ ತಮ್ಮ ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದರು. ‘ಬರೀರಿ.’

ಅಚ್ಚಾದ ಐವತ್ತೊಂಬತ್ತು ಹೆಸರುಗಳ ಕೆಳಗೆ ನಾನು ಕೈಯಲ್ಲಿ ಬರೆದೆ.

‘ಏನ್ ಬರೆದ್ರಿ? ನಂಗೆ ಓದಕ್ ಬರಲ್ಲ’ ಎಂದಳು ಹುಡುಗಿ.

‘ಅರವತ್ತು. ಲಕ್ಷ್ಮಮ್ಮ, ಗಂಡ ನಂಜಪ್ಪ. ಮರಣ’ ಎಂದು ಓದಿದೆ.

ಅವಳು ದಂಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ‘ಆ ಕಡೇ ಮಾತು ಬಿಟ್ಟು ಇನ್ನೊಂದ್ ಸಲ ಓದಿ ಅಕ್ಕ.’

ನಾನು ಅವರ ಮುಖ ನೋಡಿದೆ. ಅವರು ನಿಂತಿದ್ದರು, ಕಿಟಕಿಗೆ ಹೋಗಲಿಲ್ಲ. ಐದು ಹೊಡೆಯಿತು. ಎಲ್ಲರಿಗೂ ಕೇಳುವಂತೆ ಓದಿದೆ.